ಕಪಾಲದ ಶಸ್ತ್ರಚಿಕಿತ್ಸೆಯೂ ಸಹರೋಗಿಗಳ ನೆರವೂ

(ಮಹೋತ್ಸವದ ವಿದ್ವತ್ಸಭೆಯಲ್ಲಿ ಮಾಡಿದ ಉಪನ್ಯಾಸ)

 

ಈ ಉಪನ್ಯಾಸಮಾಲೆಯಲ್ಲಿ ಶಾಸ್ತ್ರವಿಚಾರಗಳೂ ಶ್ರೀಮಠದ ಪೂರ್ವಚರಿತ್ರೆಯೂ ಈಗಾಗಲೆ ವಿಸ್ತಾರವಾಗಿ ನಿರೂಪಿತವಾಗಿರುವುವು. ಇಂದಿನ ವಿಷಯವು ಬೇರೆ ಬಗೆಯದು. ಅದು ಒಂದು ರೋಗಕ್ಕೂ, ಆ ರೋಗಕ್ಕಾಗಿ ತಲೆಯ ಹಿಂಭಾಗದಲ್ಲಿ ಮಾಡುವ ಶಸ್ತ್ರಚಿಕಿತ್ಸೆಗೂ, ಅದಕ್ಕಿಂತ ಹೆಚ್ಚಾಗಿ ಆ ಚಿಕಿತ್ಸೆಯಾದ ಬಳಿಕ ಬರುವ ದಿನಗಳಿಗೂ ಸಂಬಂಧಿಸಿದುದು. ಮಠದ ಸಭೆಯಲ್ಲಿ ಆಸ್ಪತ್ರೆಯ ಮಾತೇಕೆ ಎಂದು ಯಾರಾದರೂ ಶಂಕಿಸಬಹುದು. ಶಸ್ತ್ರವನ್ನು ಹಿಡಿಯುವ ಕೆಲಸ ವೈದ್ಯರದು. ಅದರಲ್ಲಿ ಇತರರಿಗೆ ಅಧಿಕಾರವಿಲ್ಲ. ಆದರೆ ಶಸ್ತ್ರವನ್ನು ಕೆಳಗಿಟ್ಟ ಮೇಲೆ ರೋಗಿಯು ಆಸ್ಪತ್ರೆಯಿಂದ ಮನೆಗೆ ಬರುವನು, ಮನೆಯಿಂದ ಮಠಕ್ಕೆ ಬರುವನು. ಆಗ ಅವನನ್ನು ನೋಡಿಕೊಳ್ಳುವ ಬಗೆ ಹೇಗೆಂಬುದು ಭಕ್ತರೆಲ್ಲರಿಗೂ ಸಂಬಂಧಪಟ್ಟ ಮಾತಾಗುವುದು. ಅದರಲ್ಲಿಯೂ, ಅದೇ ರೋಗವನ್ನು ಅನುಭವಿಸಿ ಅದೇ ಚಿಕಿತ್ಸೆಯನ್ನು ದಾಟಿದ ಮತ್ತೊಬ್ಬ ರೋಗಿಯು ಅವನಿಗೆ ಮಾಡಬಹುದಾದ ಉಪಕಾರವನ್ನು ಬೇರೆ ಯಾರೂ ಮಾಡಲಾರರೆಂಬುದೇ ಇಲ್ಲಿ ಪ್ರತಿಪಾದಿಸಬೇಕಾದ ವಿಷಯ.

ಮೊದಲು ರೋಗದ ಸ್ವರೂಪವನ್ನು ಸ್ಥೂಲವಾಗಿ ತಿಳಿಯಬೇಕು. ತಲೆಬುರುಡೆಯ ತಳದಲ್ಲಿ ಒಂದು ದೊಡ್ಡ ರಂಧ್ರವಿರುವುದು. ಮುಂದಿನಿಂದ ಹಿಂದಕ್ಕೆ ಅದರ ಅಳತೆ ಸುಮಾರು 3.5 ಸೆಂಟಿಮೀಟರು. ಮೆದುಳಿನಿಂದ ಹೊರಟ ಬೆನ್ನುಹುರಿಯು ಈ ದ್ವಾರದ ಮೂಲಕವೇ ಬೆನ್ನುಮೂಳೆಯೊಳಕ್ಕೆ ಇಳಿಯುವುದು. ಮೆದುಳನ್ನೂ ಬೆನ್ನುಹುರಿಯನ್ನೂ ನೀರಿನಂತೆ ತಿಳಿಯಾದ ಒಂದು ದ್ರವವು ಸುತ್ತುವರಿದಿರುವುದು. ಪ್ರಾಯದವರ ದೇಹದಲ್ಲಿ ಯಾವ ಹೊತ್ತಿನಲ್ಲಿ ನೋಡಿದರೂ ಈ ದ್ರವವು ಇರುವುದು ಸುಮಾರು 150 ಮಿಲಿಲೀಟರು ಮಾತ್ರ. ಆದರೆ ದಿನವೊಂದಕ್ಕೆ ಸುಮಾರು 500 ಮಿಲಿಲೀಟರಿನಷ್ಟು ಹೊಸದಾಗಿ ಹುಟ್ಟಿ, ಹುಟ್ಟಿದಷ್ಟೂ ರಕ್ತದಲ್ಲಿ ಸೇರಿಹೋಗುತ್ತಿರುವುದು. ಸುಮಾರು 1,400 ಗ್ರಾಂ ತೂಗುವ ಮೆದುಳು ಈ ದ್ರವದಲ್ಲಿ ತೇಲುತ್ತಿರುವುದರಿಂದ ಅದರ ಭಾರವು 50 ಗ್ರಾಂನಷ್ಟು ಮಾತ್ರವೇ ತಳಕ್ಕೆ ತಗಲುವುದೆಂದು ಶಾಸ್ತ್ರಜ್ಞರು ಹೇಳುವರು. ಹೃದಯದ ಪ್ರತಿಯೊಂದು ಬಡಿತಕ್ಕೂ ಈ ದ್ರವವು ಮೇಲೆ ಹೇಳಿದ ದ್ವಾರದಲ್ಲಿ ಕೆಳಕ್ಕೂ ಮೇಲಕ್ಕೂ ಆಡುತ್ತಿರುವುದು.

ಕೆಲವರಲ್ಲಿ ಕಪಾಲದ ಹಿಂಭಾಗದ ಗೂಡು ಹುಟ್ಟಿನಿಂದಲೇ ಕಿರಿದಾಗಿರುವುದು. ಆಗ ಕಿರುಮೆದುಳಿನ ಕೆಳತುದಿಗಳು ಎಡೆ ಸಾಲದೆ ಆ ದ್ವಾರದೊಳಕ್ಕೆ ಇಳಿದು, ಸೀಸೆಯ ಬಾಯಿಗೆ ಬಿರಡೆಯನ್ನು ಇಟ್ಟಂತೆ ಅಡ್ಡಗಟ್ಟುವುವು. ಪ್ರೇಗ್ ನಗರದಲ್ಲಿ ಶವಪರೀಕ್ಷೆಗಳನ್ನು ನಡೆಯಿಸುತ್ತಿದ್ದ ಹಾನ್ಸ್ ಕಿಯಾರಿ ಎಂಬ ಆಸ್ಟ್ರಿಯಾ ದೇಶದ ರೋಗಶಾಸ್ತ್ರಜ್ಞನು 1891ರಲ್ಲಿ ಈ ವಿಕಾರವನ್ನು ವರ್ಣಿಸಿ ಅದರ ಬಗೆಗಳನ್ನು ವಿಂಗಡಿಸಿದನು. ಆದುದರಿಂದ ಇದಕ್ಕೆ ಕಿಯಾರಿ ವಿಕೃತಿಯೆಂದು ಹೆಸರು. ದ್ವಾರದ ಗೆರೆಯಿಂದ 5 ಮಿಲಿಮೀಟರು ಅಥವಾ ಅದಕ್ಕಿಂತ ಹೆಚ್ಚು ಇಳಿದಿದ್ದರೆ ರೋಗವೆಂದು ಎಣಿಸುವ ವಾಡಿಕೆಯುಂಟು. ಆದರೆ ಈ ಅಳತೆಯನ್ನೇ ನೆಚ್ಚಬಾರದು. ಬಹಳ ಇಳಿದಿದ್ದರೂ ಯಾವ ಬಾಧೆಯನ್ನೂ ಅರಿಯದೆ ಬಾಳಿದವರುಂಟು. ಅಲ್ಪವಾಗಿ ಇಳಿದಿದ್ದು ಹಾಸಿಗೆ ಹಿಡಿದವರೂ ಉಂಟು.

ಬಾಧೆಯುಳ್ಳವರಲ್ಲಿ ಮುಖ್ಯವಾಗಿ ಕಂಡುಬರುವುದು ಹೆಡತಲೆಯ ನೋವು. ಕೆಮ್ಮಿದರೆ, ಸೀನಿದರೆ, ಭಾರವನ್ನು ಎತ್ತಿದರೆ, ಶೌಚಕಾಲದಲ್ಲಿ ಮುಕ್ಕಿದರೆ, ಕಡೆಗೆ ಗಟ್ಟಿಯಾಗಿ ನಕ್ಕರೂ ಸಿಡಿಲು ಬಡಿದಂತೆ ನೋವು ಬಂದು, ಕೆಲವು ಕ್ಷಣ ಅಥವಾ ನಿಮಿಷಗಳವರೆಗೆ ನಿಂತು ಹೋಗುವುದು. ನಗುವುದಕ್ಕೂ ಅಂಜುವಂತೆ ಮಾಡುವ ರೋಗಗಳು ವಿರಳ. ಇದರೊಡನೆ ತಲೆ ತಿರುಗುವುದು, ನಡಿಗೆಯಲ್ಲಿ ತೂರಾಡುವುದು, ನುಂಗುವಾಗ ಗಂಟಲು ಕಟ್ಟುವುದು, ಕೈಗಳು ಜೋಮು ಹಿಡಿಯುವುದು ಮುಂತಾದುವು ಸೇರಬಹುದು. ಇನ್ನು ಕೆಲವರಲ್ಲಿ ದ್ರವದ ಹರಿವಿಗೆ ತಡೆಯುಂಟಾಗಿ, ಬೆನ್ನುಹುರಿಯ ಒಳಗೇ ದ್ರವವು ನಿಂತು, ಕೊಳವೆಯಂತಹ ಒಂದು ಪೊಳ್ಳು ಏರ್ಪಡುವುದು. ಇದನ್ನು ಸಿರಿಂಗೋಮೈಲಿಯಾ ಎಂದು ಕರೆಯುವರು. ಸಿರಿಂಕ್ಸ್ ಎಂದರೆ ಗ್ರೀಕರ ಭಾಷೆಯಲ್ಲಿ ಕೊಳಲು. ಇಷ್ಟು ಇಂಪಾದ ಶಬ್ದವು ಇಷ್ಟು ಕ್ರೂರವಾದ ವ್ಯಾಧಿಗೆ ಸಂದುದು ವಿಚಿತ್ರವೇ ಸರಿ. ಈ ಪೊಳ್ಳಿನಿಂದ ಹೆಗಲು ತೋಳುಗಳಲ್ಲಿ ನೋವಿನ ಅರಿವೂ ಬಿಸಿ ತಣ್ಣನೆಗಳ ಅರಿವೂ ಹೋಗುವುವು. ಸ್ಪರ್ಶದ ಅರಿವು ಮಾತ್ರ ಬಹುಮಟ್ಟಿಗೆ ಉಳಿಯುವುದು. ಒಲೆಯ ಮೇಲಿನ ಪಾತ್ರೆಯನ್ನು ಬರಿಗೈಯಿಂದ ಇಳಿಸಿದ ಗೃಹಿಣಿಗೆ ಪಾತ್ರೆಯನ್ನು ಮುಟ್ಟಿದುದು ತಿಳಿಯುವುದು, ಅದು ಸುಟ್ಟುದು ತಿಳಿಯದು. ಬೊಬ್ಬೆ ಎದ್ದ ಮೇಲೆ ಕಣ್ಣಿನಿಂದ ನೋಡಿ ತನ್ನ ಕೈಯ ಸಮಾಚಾರವನ್ನು ತಾನು ಅರಿಯಬೇಕಾಗುವುದು.

ಇಂತಹ ರೋಗವು ಹೊರಗಿನವರಿಗೆ ಕಾಣುವುದಿಲ್ಲವೆಂಬುದೇ ಇದರ ದೊಡ್ಡ ಕಷ್ಟ. ಕಾಲು ಮುರಿದವನಿಗೆ ಊರುಗೋಲು ಸಾಕ್ಷಿ, ಜ್ವರ ಬಂದವನಿಗೆ ಮೈಯ ಕಾವು ಸಾಕ್ಷಿ. ಇವನಿಗೆ ಯಾವ ಸಾಕ್ಷಿಯೂ ಇಲ್ಲ. 1980ರ ದಶಕದಲ್ಲಿ ಎಂ.ಆರ್.ಐ. ಎಂಬ ಅಯಸ್ಕಾಂತದ ಪರೀಕ್ಷೆಯು ಬಳಕೆಗೆ ಬರುವವರೆಗೂ ಈ ಪೀಡಿತರಲ್ಲಿ ಅನೇಕರನ್ನು ಅರೆತಲೆನೋವಿನವರೆಂದೋ, ಮನಸ್ಸು ದುರ್ಬಲವಾದವರೆಂದೋ, ಸೋಮಾರಿಗಳೆಂದೋ ತಿಳಿದುದುಂಟು. ಅಮೆರಿಕದ ಹೆಸರಾಂತ ಗಾಲ್ಫ್ ಆಟಗಾರನಾದ ಬಾಬಿ ಜೋನ್ಸ್ ಎಂಬಾತನಿಗೆ 1948ರಲ್ಲಿಯೂ 1950ರಲ್ಲಿಯೂ ಬೆನ್ನಿನ ಶಸ್ತ್ರಚಿಕಿತ್ಸೆಗಳಾದುವು. ಅವನ ವ್ಯಾಧಿಯು ಸಿರಿಂಗೋಮೈಲಿಯಾ ಎಂದು ನಿಶ್ಚಯವಾದುದು 1956ರಲ್ಲಿ. ಅಷ್ಟು ಪ್ರಸಿದ್ಧನ ವಿಷಯದಲ್ಲಿಯೇ ಹೀಗಾದ ಮೇಲೆ ಇತರರ ಪಾಡನ್ನು ಊಹಿಸಬಹುದು.

ಎಂ.ಆರ್.ಐ. ವಿಷಯದಲ್ಲಿ ಲಿಂಗಧಾರಿಗಳಿಗೆ ಒಂದು ಮಾತನ್ನು ಇಲ್ಲಿಯೇ ಹೇಳುವುದು ಯುಕ್ತ. ಆ ಕೋಣೆಯೊಳಕ್ಕೆ ಯಾವ ಲೋಹವನ್ನೂ ಒಯ್ಯಕೂಡದೆಂಬ ಕಟ್ಟಳೆಯುಂಟು. ತಾಳಿ, ಬಳೆ, ಮೂಗುತಿಗಳಂತೆ ಬೆಳ್ಳಿಯ ಕರಡಿಗೆಯನ್ನೂ ತೆಗೆದಿರಿಸಬೇಕಾಗುವುದು. ಶಿವದಾರವನ್ನು ಕೊರಳಿನಿಂದ ತೆಗೆಯೆನೆಂದು ಪರೀಕ್ಷೆಯನ್ನೇ ಬಿಟ್ಟು ಹಿಂದಿರುಗುವುದು ಭಕ್ತಿಯ ಲಕ್ಷಣವಲ್ಲ. ಇಷ್ಟಲಿಂಗ ಪ್ರಾಣಲಿಂಗ ಭಾವಲಿಂಗಗಳ ಭೇದವನ್ನು ಬಲ್ಲವರಿಗೆ ಅರ್ಧ ಗಂಟೆಯ ಹೊತ್ತು ಕರಡಿಗೆಯು ಮಡಿವಸ್ತ್ರದಲ್ಲಿ ಮನೆಯವರ ಕೈಯಲ್ಲಿ ಇದ್ದರೆ ವಿಯೋಗವೆನಿಸಲಾರದು. ಸಂಶಯವುಳ್ಳವರು ಮೊದಲೇ ಗುರುಗಳ ಅಪ್ಪಣೆಯನ್ನು ಪಡೆದು ಹೋಗತಕ್ಕದ್ದು. ಆಸ್ಪತ್ರೆಯ ಬಾಗಿಲಿನಲ್ಲಿ ನಿಂತು ಚರ್ಚಿಸತಕ್ಕದ್ದಲ್ಲ.

ಇನ್ನು ಶಸ್ತ್ರಚಿಕಿತ್ಸೆ. ಇದರ ತತ್ತ್ವವು ಬಹು ಸರಳ: ಎಡೆ ಇಲ್ಲದಲ್ಲಿ ಎಡೆ ಮಾಡುವುದು. ರೋಗಿಗೆ ಮೈಮರೆಯುವಂತೆ ಔಷಧವನ್ನು ಕೊಟ್ಟು, ಬೋರಲಾಗಿ ಮಲಗಿಸಿ, ತಲೆಯು ಅಲುಗದಂತೆ ಬಿಗಿದು, ಹೆಡತಲೆಯ ನಡುವೆ ಮೇಲಿನಿಂದ ಕೆಳಕ್ಕೆ ಗಾಯಮಾಡುವರು. ಕತ್ತಿನ ಸ್ನಾಯುಗಳನ್ನು ಎರಡು ಕಡೆಗೂ ಸರಿಸಿ, ದೊಡ್ಡ ರಂಧ್ರದ ಹಿಂದಣ ಅಂಚಿನಿಂದ ಕೆಲವು ಸೆಂಟಿಮೀಟರು ಅಗಲದ ಮೂಳೆಯನ್ನು ತೆಗೆಯುವರು. ಸಾಮಾನ್ಯವಾಗಿ ಕತ್ತಿನ ಮೊದಲನೆಯ ಮೂಳೆಯ ಹಿಂದಣ ಕಮಾನನ್ನೂ ತೆಗೆಯುವರು. ಅನೇಕ ವೈದ್ಯರು ಮೆದುಳಿನ ಹೊರಪೊರೆಯನ್ನೂ ಸೀಳಿ, ಅದಕ್ಕೆ ತೇಪೆ ಹಾಕಿದಂತೆ ಬೇರೊಂದು ಪೊರೆಯ ತುಂಡನ್ನು ಸೇರಿಸಿ ಹೊಲಿದು ಅಗಲಮಾಡುವರು. ಕೆಲವರು ಮೂಳೆಯನ್ನು ತೆಗೆಯುವುದು ಸಾಕೆಂದು ಅಲ್ಲಿಗೆ ನಿಲ್ಲಿಸುವರು. ತೆಗೆದ ಮೂಳೆಯನ್ನು ಮತ್ತೆ ಇಡುವುದಿಲ್ಲ. ಸ್ನಾಯುಗಳೇ ಆ ಎಡೆಗೆ ಮರೆಯಾಗುವುವು. ಅಪಘಾತದಲ್ಲಿ ಮೆದುಳು ಬಾತುಕೊಂಡಾಗಲೂ ಒತ್ತಡವನ್ನು ಇಳಿಸುವುದಕ್ಕಾಗಿ ಕಪಾಲದ ಒಂದು ಭಾಗವನ್ನು ತೆಗೆಯುವುದುಂಟು. ಅದು ಬೇರೆ. ಅಲ್ಲಿ ಆ ಮೂಳೆಯನ್ನು ಕಾಪಾಡಿಟ್ಟು, ಕೆಲವೆಡೆ ರೋಗಿಯ ಹೊಟ್ಟೆಯ ಚರ್ಮದ ಒಳಗೇ ಇರಿಸಿ, ಬಾವು ಇಳಿದ ಮೇಲೆ ಮೊದಲಿನ ಸ್ಥಾನದಲ್ಲಿ ಕೂಡಿಸುವರು.

ಕಪಾಲವನ್ನು ತೆರೆದ ಕಥೆಗಳು ಪ್ರಾಚೀನ ಗ್ರಂಥಗಳಲ್ಲಿಯೂ ಬರುವುವು. ಬಲ್ಲಾಳನ ಭೋಜಪ್ರಬಂಧದಲ್ಲಿ ಭೋಜರಾಜನ ತಲೆನೋವಿಗೆ ಕಾರಣವಾದ ಮೀನನ್ನು ದೇವವೈದ್ಯರು ಕಪಾಲವನ್ನು ತೆರೆದು ಹೊರತೆಗೆದರೆಂಬ ಪ್ರಸಂಗವಿದೆ. ಕೇಳಲು ಸೊಗಸಾದ ಕಥೆ. ಆದರೆ ಆ ಗ್ರಂಥವು ಭೋಜನ ಕಾಲಕ್ಕೆ ಬಹು ಶತಮಾನಗಳ ಈಚಿನದು, ಇತಿಹಾಸವಲ್ಲ. ಇಂತಹವನ್ನು ಹಿಡಿದು ಎಲ್ಲವೂ ಪೂರ್ವಿಕರಿಗೆ ತಿಳಿದಿತ್ತೆಂದು ಸಾಧಿಸಹೊರಡುವುದರಿಂದ ಪೂರ್ವಿಕರಿಗೂ ಗೌರವವಿಲ್ಲ, ರೋಗಿಗೂ ಪ್ರಯೋಜನವಿಲ್ಲ. ಭಾರತದಲ್ಲಿ ಮೆದುಳಿನ ಶಸ್ತ್ರವೈದ್ಯಕ್ಕೆಂದೇ ಮೊದಲನೆಯ ವಿಭಾಗವು ಏರ್ಪಟ್ಟುದು 1949ರಲ್ಲಿ, ವೆಲ್ಲೂರಿನ ಕ್ರೈಸ್ತ ವೈದ್ಯವಿದ್ಯಾಲಯದಲ್ಲಿ, ಡಾಕ್ಟರ್ ಜೇಕಬ್ ಚಾಂಡಿಯವರಿಂದ. ಬೆಂಗಳೂರಿನ ನಿಮ್ಹಾನ್ಸ್ ಸಂಸ್ಥೆಯು 1974ರಲ್ಲಿ ಈಗಿನ ರೂಪವನ್ನು ತಾಳಿತು. ಇಂದು ಬೀದರಿನಿಂದಲೂ ರೋಗಿಗಳು ರಾತ್ರಿಯೆಲ್ಲ ಪ್ರಯಾಣಮಾಡಿ ಅಲ್ಲಿಗೆ ಬರುವರು.

ಶಸ್ತ್ರಚಿಕಿತ್ಸೆಯು ಕೆಲವು ಗಂಟೆಗಳಲ್ಲಿ ಮುಗಿಯುವುದು. ಚೇತರಿಕೆಯು ಹಾಗಲ್ಲ. ಮೊದಲ ದಿನ ರೋಗಿಯನ್ನು ತೀವ್ರನಿಗಾ ವಿಭಾಗದಲ್ಲಿ ಇರಿಸುವರು. ವಾಕರಿಕೆ, ಕತ್ತಿನಲ್ಲಿ ಬಿಗಿತ, ಮೂಳೆಗಿಂತ ಹೆಚ್ಚಾಗಿ ಸರಿಸಿದ ಸ್ನಾಯುಗಳ ನೋವು. ಎರಡು ಮೂರು ದಿನಗಳಲ್ಲಿ ಎಬ್ಬಿಸಿ ನಡೆಯಿಸುವರು. ತೊಡಕಿಲ್ಲದಿದ್ದರೆ ವಾರದೊಳಗಾಗಿ ಮನೆಗೆ ಕಳುಹಿಸುವರು. ಹತ್ತು ಹದಿನಾಲ್ಕು ದಿನಗಳಲ್ಲಿ ಹೊಲಿಗೆಯನ್ನು ಬಿಚ್ಚುವರು. ಸಣ್ಣ ಪುಟ್ಟ ಕೆಲಸಗಳಿಗೆ ನಾಲ್ಕರಿಂದ ಆರು ವಾರಗಳು, ಮೊದಲಿನ ಜೀವನಕ್ರಮಕ್ಕೆ ಮೂರು ತಿಂಗಳೋ ಅದಕ್ಕೂ ಹೆಚ್ಚೋ ಬೇಕಾಗುವುವು. ತುಂಬಿದ ಬಿಂದಿಗೆಯನ್ನು ಎತ್ತಬಾರದು, ಮಗುವನ್ನು ಕಂಕುಳಿಗೆ ಏರಿಸಬಾರದು, ಬಗ್ಗಿ ನೆಲ ಸಾರಿಸಬಾರದು, ಮಲಬದ್ಧತೆಯಾಗದಂತೆ ಆಹಾರವನ್ನು ನೋಡಿಕೊಳ್ಳಬೇಕು. ಹೇಳುವುದಕ್ಕೆ ಸುಲಭ, ಕೊಡ ಹೊರದೆ, ಕಸ ಗುಡಿಸದೆ ದಿನ ಕಳೆಯುವ ಹೆಂಗಸು ಎಷ್ಟು ಮನೆಗಳಲ್ಲಿರುವಳು?

ಅಂತಹ ಒಬ್ಬ ಗೃಹಿಣಿಯನ್ನು ಭಾವಿಸಿಕೊಳ್ಳಬಹುದು. ಮೊದಲ ವಾರ ಮನೆಯವರೆಲ್ಲರೂ ಅವಳ ಸುತ್ತ ಇರುವರು. ನೆಂಟರು ಎಳನೀರು, ಮೋಸಂಬಿಗಳನ್ನು ತರುವರು. ಮೂರನೆಯ ವಾರ ಹೊಲಿಗೆ ಬಿಚ್ಚಿದ ಮೇಲೆ ಗಾಯವು ಸೆರಗಿನ ಮರೆಯಲ್ಲಿ ಅಡಗುವುದು. ಮುಖದಲ್ಲಿ ಕಳೆ ಬಂದಿರುವುದು. ನೆರೆಯವರು ಬಂದು, ಚೆನ್ನಾಗಿದ್ದೀಯಲ್ಲ, ಇನ್ನೇನು, ಎಂದು ಹೇಳಿಹೋಗುವರು. ಅಷ್ಟರಲ್ಲಿ ಅಡುಗೆಯ ಮನೆಯು ಅವಳನ್ನು ಕರೆಯುವುದು. ಬೆಳಗ್ಗೆ ರೊಟ್ಟಿ ತಟ್ಟಿದವಳು ಮಧ್ಯಾಹ್ನಕ್ಕೆ ಗೋಡೆಗೆ ಒರಗುವಳು. ಕತ್ತು ಕಲ್ಲಿನಂತೆ ಬಿಗಿಯುವುದು. ಹೇಳಬೇಕೆಂದ ಮಾತು ನಾಲಗೆಗೆ ಬಾರದು. ಮನೆಯವರು ಕೆಟ್ಟವರಲ್ಲ. ಅವರು ಗಾಯವನ್ನು ಲೆಕ್ಕ ಹಾಕುವರು. ಗಾಯ ಮಾಗಿದೆ, ಆದುದರಿಂದ ರೋಗ ಹೋಗಿದೆ ಎಂದು ತಿಳಿಯುವರು. ಅವಳಿಗೆ ಮಾತ್ರ ಪ್ರತಿಯೊಂದು ಸೀನಿನ ಹಿಂದೆಯೂ ಒಂದು ಭಯ. ತಲೆ ಸ್ವಲ್ಪ ನೊಂದರೆ ಸಾಕು, ಮತ್ತೆ ಬಂದಿತೆ ಎಂದು ಎದೆ ನಡುಗುವುದು. ಅದನ್ನು ಹೇಳಿದರೆ, ಇಷ್ಟು ಹಣ ಸುರಿದ ಮೇಲೂ ಗೊಣಗುವಳಲ್ಲ ಎನ್ನುವರೆಂದು ಹೇಳದೆ ಇರುವಳು. ತಲೆಯ ಹಿಂದೆ ಕೂದಲು ಬೋಳಿಸಿದುದನ್ನು ಅಮಂಗಲವೆಂದು ನೊಂದುಕೊಂಡು ಕನ್ನಡಿಗೆ ಬೆನ್ನು ತಿರುಗಿಸದ ಮುತ್ತೈದೆಯರೂ ಉಂಟು.

ಫಲದ ವಿಷಯದಲ್ಲಿಯೂ ನಿಜವನ್ನು ಮರೆಮಾಡಬಾರದು. ಕೆಮ್ಮಿದಾಗ ಬರುವ ನೋವು ಬಹುಮಂದಿಗೆ ಹೋಗುವುದು. ಕೈಗಳ ಜೋಮು, ಕಳೆದುಹೋದ ಬಿಸಿಯ ಅರಿವು ಇವು ಹಿಂದಿರುಗುವುದು ಅಷ್ಟು ನಿಶ್ಚಯವಲ್ಲ. ರೋಗವು ಮುಂದುವರಿಯದೆ ನಿಂತರೆ ಅದನ್ನೇ ಲಾಭವೆಂದು ವೈದ್ಯರು ಎಣಿಸುವರು. ಬೆನ್ನುಹುರಿಯ ಪೊಳ್ಳು ಕುಗ್ಗುವುದಕ್ಕೆ ತಿಂಗಳುಗಳೇ ಹಿಡಿಯಬಹುದು. ಕೆಲವರಿಗೆ ಎರಡನೆಯ ಸಾರಿ ಶಸ್ತ್ರಚಿಕಿತ್ಸೆ ಬೇಕಾಗುವುದು. ಕೆಲವರಿಗೆ ಗುಣವೇ ಕಾಣುವುದಿಲ್ಲ.

ಇಂತಹ ಸ್ಥಿತಿಯಲ್ಲಿ ಇರುವವಳ ಬಳಿಗೆ ಎರಡು ವರ್ಷಗಳ ಹಿಂದೆ ಅದೇ ಹಾದಿಯಲ್ಲಿ ನಡೆದ ಇನ್ನೊಬ್ಬಾಕೆ ಬಂದು ಕುಳಿತಳೆಂದರೆ ಏನಾಗುವುದು? ಬಂದವಳು ಮೊದಲು ತನ್ನ ತುರುಬನ್ನು ಎತ್ತಿ ಹೆಡತಲೆಯ ಗೆರೆಯನ್ನು ತೋರಿಸುವಳು. ಗೆರೆಯ ಮೇಲೆ ಕೂದಲು ದಟ್ಟವಾಗಿ ಬೆಳೆದಿರುವುದು. ಯಾವ ವೈದ್ಯನ ಮಾತಿಗೂ ಇಲ್ಲದ ಪ್ರಾಮಾಣ್ಯವು ಆ ಗೆರೆಗೆ ಇರುವುದು. "ಅಕ್ಕಾ, ನಿಮಗೂ ಹಿಂಗ ಆಗಿತ್ತೇನ್ರಿ?" ಎಂದು ಇವಳು ಕೇಳುವಳು. "ಆಗಿತ್ತವ್ವಾ. ಆರು ವಾರ ಕುತ್ತಿಗಿ ಹೊಳ್ಳಸಾಕ ಆಗಿದ್ದಿಲ್ಲ. ಸೀನು ಬಂದರ ಅಂಜಿ ಅಳತಿದ್ದೆ" ಎಂದು ಅವಳು ಹೇಳುವಳು. ಇಷ್ಟೇ. ಇದರಲ್ಲಿ ಔಷಧವಿಲ್ಲ, ಉಪದೇಶವಿಲ್ಲ. ಆದರೆ ತಿಂಗಳಿನಿಂದ ಯಾರಿಗೂ ಹೇಳದೆ ಇದ್ದ ಮಾತನ್ನು ಮತ್ತೊಬ್ಬರ ಬಾಯಿಂದ ಕೇಳಿದೊಡನೆ ಅವಳಿಗೆ ತಾನು ಹುಚ್ಚಿಯಲ್ಲ, ಸೋಮಾರಿಯಲ್ಲ ಎಂಬ ನಂಬಿಕೆ ಹುಟ್ಟುವುದು. ಗಂಡನೋ ಅತ್ತೆಯೋ ಪಕ್ಕದಲ್ಲಿ ಕುಳಿತು ಕೇಳಿದರೆ ಇನ್ನೂ ಒಳ್ಳೆಯದು; ಸೊಸೆಯ ಬಾಯಿಂದ ಬಂದಾಗ ನೆಪವೆಂದು ತೋರಿದುದು ಪರಸ್ತ್ರೀಯ ಬಾಯಿಂದ ಬಂದಾಗ ರೋಗವೆಂದು ತೋರುವುದು. ಲೋಕದ ರೀತಿಯೇ ಹೀಗೆ.

ಪ್ರಸಿದ್ಧರೊಬ್ಬರು ಬಾಯಿ ಬಿಟ್ಟು ಹೇಳಿದರೆ ಇದೇ ಉಪಕಾರವು ದೂರದೂರದವರಿಗೂ ಮುಟ್ಟುವುದು. ಅಮೆರಿಕದ ಗಾಯಕಿಯೂ ಗ್ರಂಥಕರ್ತ್ರಿಯೂ ಆದ ರೋಸಾನ್ ಕ್ಯಾಷ್ ಎಂಬಾಕೆಗೆ 2007ರ ನವೆಂಬರಿನಲ್ಲಿ ನ್ಯೂಯಾರ್ಕಿನಲ್ಲಿ ಇದೇ ಕಿಯಾರಿ ವಿಕೃತಿಗೆ ಶಸ್ತ್ರಚಿಕಿತ್ಸೆಯಾಯಿತು. ಚಿಕಿತ್ಸೆಯು ಸಫಲವಾಯಿತು; ಆದರೆ ಚೇತರಿಕೆಯು ನಿಧಾನವಾದುದರಿಂದ 2008ರ ವಸಂತಕಾಲದ ಸಂಗೀತಸಭೆಗಳನ್ನು ಆಕೆ ರದ್ದುಪಡಿಸಬೇಕಾಯಿತು. ಆ ವರ್ಷದ ಬೇಸಗೆಯ ಕೊನೆಗೆ ಮತ್ತೆ ಹಾಡತೊಡಗಿದಳು. ನಡುವೆ ನ್ಯೂಯಾರ್ಕ್ ಟೈಮ್ಸ್ ಪತ್ರಿಕೆಯಲ್ಲಿ ತನ್ನ ಅನುಭವವನ್ನು ಬರೆದಳು. ಅತಿ ಕಷ್ಟವಲ್ಲದ ಕೆಲಸವನ್ನು ಕುರಿತು, ಇದೇನು ಮೆದುಳಿನ ಶಸ್ತ್ರಚಿಕಿತ್ಸೆಯಲ್ಲವಲ್ಲ, ಎಂದು ಆ ಜನರು ಆಡಿಕೊಳ್ಳುವುದುಂಟು. ಅದನ್ನೇ ತಿರುಗಿಸಿ, ಇದು ನಿಜವಾಗಿಯೂ ಮೆದುಳಿನ ಶಸ್ತ್ರಚಿಕಿತ್ಸೆಯೇ, ಎಂಬ ಅರ್ಥ ಬರುವಂತೆ ಲೇಖನಕ್ಕೆ ಹೆಸರಿಟ್ಟಳು. ನಗುವುದಕ್ಕೂ ಅಂಜಿಸುವ ರೋಗವನ್ನು ಕುರಿತು ಹೀಗೆ ನಗೆಯಾಡಿದುದು ಸಣ್ಣ ಸಂಗತಿಯಲ್ಲ. ಗಾಯಕಿಯಾದವಳು ನಿಧಾನವನ್ನು ಮರೆಮಾಡದೆ ಸಭೆಗಳನ್ನು ಬಿಟ್ಟುಕೊಟ್ಟುದು, ಆರು ವಾರಗಳಲ್ಲಿ ನೆಟ್ಟಗಾಗಲಿಲ್ಲವೆಂದು ತಮ್ಮನ್ನು ತಾವು ಹಳಿದುಕೊಳ್ಳುವ ರೋಗಿಗಳಿಗೆ ಅವಳ ಸಂಗೀತದಷ್ಟೇ ಹಿತವಾದುದು.

ಆದರೆ ಸಹರೋಗಿಯ ನೆರವು ಹಿತವಾಗುವಂತೆ ಅಹಿತವೂ ಆಗಬಹುದು. ಆದುದರಿಂದ ಅದಕ್ಕೆ ಒಂದು ಮರ್ಯಾದೆಯಿರಬೇಕು. ವ್ಯಾಕರಣದ ಮಾತಿನಲ್ಲಿ ಹೇಳುವುದಾದರೆ, ಅವನು ಉತ್ತಮಪುರುಷದ ಭೂತಕಾಲದಲ್ಲಿ ಮಾತನಾಡಬೇಕು. ಮಧ್ಯಮಪುರುಷದ ಭವಿಷ್ಯತ್ಕಾಲವು ಅವನಿಗೆ ವರ್ಜ್ಯ. "ನನಗೆ ಹೀಗಾಯಿತು" ಎನ್ನಬಹುದು. "ನಿನಗೆ ಹೀಗಾಗುವುದು" ಎನ್ನಕೂಡದು. "ಒಂದು ತಿಂಗಳಿಗೆ ನಾನು ಹೊಲಕ್ಕೆ ಹೋದೆ" ಎಂಬುದು ಸಮಾಚಾರ. "ಒಂದು ತಿಂಗಳಿಗೆ ನೀನೂ ಹೋಗುವೆ" ಎಂಬುದು ಭವಿಷ್ಯವಾಣಿ, ಅದು ಫಲಿಸದಿದ್ದರೆ ರೋಗಿಯು ತನ್ನಲ್ಲಿಯೇ ದೋಷವನ್ನು ಕಾಣುವನು. ಒಬ್ಬರ ಚಿತ್ರಪಟವನ್ನು ಮತ್ತೊಬ್ಬರದರೊಡನೆ ಹಿಡಿದು, ನಿಮ್ಮದು ಎಷ್ಟು ಮಿಲಿಮೀಟರು, ನನ್ನದು ಇಷ್ಟು, ಎಂದು ತೂಗಿ ನೋಡುವ ಚಟವಂತೂ ಸರ್ವಥಾ ಕೂಡದು. ಅಳತೆಗೂ ಬಾಧೆಗೂ ಸಂಬಂಧವಿಲ್ಲವೆಂಬುದನ್ನು ಮೊದಲೇ ಹೇಳಿದೆ. ಚಿಕಿತ್ಸೆಗಳನ್ನೂ ಹೋಲಿಸಬಾರದು. ವೈದ್ಯರಲ್ಲಿಯೇ ಏಕಾಭಿಪ್ರಾಯವಿಲ್ಲ: ಪೊರೆಯನ್ನು ಸೀಳಬೇಕೆನ್ನುವವರೂ ಬೇಡವೆನ್ನುವವರೂ ಇರುವರು. ಮುಂಬಯಿಯ ಅತುಲ್ ಗೋಯೆಲ್ ಎಂಬ ಶಸ್ತ್ರವೈದ್ಯರು 2015ರಲ್ಲಿ, ಕತ್ತಿನ ಮೊದಲೆರಡು ಮೂಳೆಗಳ ನಡುವಣ ಅಸ್ಥಿರತೆಯೇ ಈ ರೋಗದ ಮೂಲವಾದುದರಿಂದ ಮೂಳೆಯನ್ನು ತೆಗೆಯುವುದಕ್ಕಿಂತ ಆ ಎರಡನ್ನು ಬಿಗಿಯುವುದು ಯುಕ್ತವೆಂಬ ಮತವನ್ನು ಪ್ರಕಟಿಸಿದರು. ಇತರ ವೈದ್ಯರು ಅನೇಕರು ಇದನ್ನು ಒಪ್ಪಲಿಲ್ಲ. ಶಾಸ್ತ್ರಜ್ಞರು ವಾದಿಸುವ ಸ್ಥಳದಲ್ಲಿ ಹಾಸಿಗೆಯ ಮೇಲಿನ ರೋಗಿಯನ್ನು ಪಕ್ಷ ಹಿಡಿಯುವಂತೆ ಮಾಡುವುದು ಅವನ ನಿದ್ರೆಯನ್ನು ಕೆಡಿಸಿದಂತೆಯೇ ಸರಿ. ಮಾತ್ರೆಗಳ ಹೆಸರನ್ನು ಹೇಳುವುದೂ, ತನಗೆ ಉಳಿದ ಮಾತ್ರೆಗಳನ್ನು ಕೊಡುವುದೂ ಪಾಪಕಾರ್ಯಗಳು.

ಒಂದು ವಿಷಯದಲ್ಲಿ ಮಾತ್ರ ಸಹರೋಗಿಯು ಸಂಕೋಚವಿಲ್ಲದೆ ಆಜ್ಞಾಪಿಸಬಹುದು. ಗಾಯದಿಂದ ತಿಳಿನೀರಿನಂತಹ ದ್ರವವು ಜಿನುಗಿ ದಿಂಬು ಒದ್ದೆಯಾದರೆ, ಗಾಯದ ಕೆಳಗೆ ಬಾವು ಎದ್ದು ಬೆಳೆಯುತ್ತಿದ್ದರೆ, ಜ್ವರದೊಡನೆ ಕತ್ತು ಸೆಟೆದುಕೊಂಡರೆ, ವಾಂತಿಯು ನಿಲ್ಲದಿದ್ದರೆ, ಎಬ್ಬಿಸಿದರೂ ಏಳದಂತಹ ಮಂಪರು ಕವಿದರೆ, ನುಂಗಲು ಅಥವಾ ಉಸಿರಾಡಲು ಕಷ್ಟವಾದರೆ, ಕೈ ಕಾಲುಗಳಲ್ಲಿ ಹೊಸದಾಗಿ ಶಕ್ತಿ ಕುಂದಿದರೆ, ಬೆಳಗಾಗಲಿ ಎಂದು ಕಾಯದೆ ಆ ಹೊತ್ತಿಗೇ ಆಸ್ಪತ್ರೆಗೆ ಹೊರಡಿಸತಕ್ಕದ್ದು. ಮನೆಯವರು ಇವನ್ನು ವೈದ್ಯರ ಚೀಟಿಯಲ್ಲಿ ಓದಿ ಮರೆತಿರಬಹುದು. ದಾಟಿದವನು ಮರೆಯುವುದಿಲ್ಲ.

ಎಲ್ಲಕ್ಕಿಂತ ಕಠಿನವಾದ ಸಂದರ್ಭವೊಂದುಂಟು. ಸಹರೋಗಿಯು ಧೈರ್ಯ ಹೇಳ ಕಳುಹಿಸಿದವನಿಗೆ ಗುಣವಾಗದೆ ಹೋಗಬಹುದು. ಆಗ ಧೈರ್ಯ ಹೇಳಿದವನಿಗೆ ನಾಚಿಕೆಯಾಗುವುದು, ತಾನು ಗುಣವಾದುದೇ ಒಂದು ಅಪರಾಧವೆಂಬಂತೆ ತೋರುವುದು. ಅವನು ಮೆಲ್ಲಗೆ ಹೋಗಿಬರುವುದನ್ನು ನಿಲ್ಲಿಸುವನು. ಆರೋಗ್ಯವಂತರು ಆಗಲೇ ದೂರವಾಗಿರುವರು. ಗುಣವಾದವರೂ ದೂರವಾದರೆ ಆ ರೋಗಿಗೆ ಯಾವ ಪಂಕ್ತಿಯಲ್ಲಿಯೂ ಸ್ಥಾನವಿಲ್ಲ. ಅಂತಹವನ ಬಳಿಗೆ ಹೋಗುವುದು ಮುಖ್ಯ, ಹೇಳುವುದಲ್ಲ. ಏಕೆ ಹೀಗಾಯಿತೆಂಬುದಕ್ಕೆ ಕಾರಣಗಳನ್ನು ಹುಡುಕಬಾರದು. ಪೂರ್ವಕರ್ಮದ ಪ್ರಸ್ತಾಪವನ್ನಂತೂ ಎತ್ತಲೇಬಾರದು. ಹೋಗಿ ಕುಳಿತು, ಬೆಳೆ ಮಳೆಗಳ ಮಾತನಾಡಿ, ಅವನು ಬಯಸಿದರೆ ತಲೆಯ ಮಾತನ್ನೂ ಆಡಿ, ಮುಂದಿನ ಸೋಮವಾರ ಬರುವೆನೆಂದು ಹೇಳಿ, ಆ ಸೋಮವಾರ ತಪ್ಪದೆ ಬರಬೇಕು. ಹಾಗೆಯೇ ಹತ್ತು ಮಂದಿಯ ನೋವನ್ನು ಕೇಳಿ ತನ್ನ ನಿದ್ರೆಯನ್ನು ಕಳೆದುಕೊಂಡ ಸಹರೋಗಿಯು ಕೆಲವು ಕಾಲ ಸುಮ್ಮನಿದ್ದರೆ ಅವನನ್ನು ಯಾರೂ ದೂಷಿಸಬಾರದು. ಅವನ ಕತ್ತಿನ ಮೂಳೆಯೂ ಹಿಂದಿನದಲ್ಲ.

ಅಮೆರಿಕದಲ್ಲಿ ಈ ರೋಗಪೀಡಿತರಿಗೂ ಅವರ ಮನೆಯವರಿಗೂ ಆಶ್ರಯವಾಗಿ 1988ರಲ್ಲಿಯೇ ಒಂದು ಸಂಘವು ಸ್ಥಾಪಿತವಾಯಿತು. ಅಂತಹ ದೊಡ್ಡ ಏರ್ಪಾಡುಗಳಿಗೆ ಕಾಯಬೇಕಾದುದಿಲ್ಲ. ಶ್ರೀಮಠದ ಭಕ್ತರಲ್ಲಿ ಇಂತಹ ಚಿಕಿತ್ಸೆಯನ್ನು ದಾಟಿದವರು, ಇತರರೊಡನೆ ಮಾತನಾಡಲು ತಾವಾಗಿಯೇ ಒಪ್ಪಿದರೆ, ಅವರ ಹೆಸರುಗಳನ್ನು ಕಾರ್ಯಾಲಯದಲ್ಲಿ ಬರೆದಿಡಬಹುದು. ಒಪ್ಪದವರನ್ನು ಬಲಾತ್ಕರಿಸಕೂಡದು, ಒಪ್ಪಿಗೆಯಿಲ್ಲದೆ ಯಾರ ರೋಗವನ್ನೂ ಸಭೆಯಲ್ಲಿ ಸಾರಕೂಡದು. ಚಿಕಿತ್ಸೆಯಾದವರು ಸನ್ನಿಧಾನದ ದರ್ಶನಕ್ಕೆ ಬಂದಾಗ ದೀರ್ಘದಂಡ ನಮಸ್ಕಾರವನ್ನು ಮಾಡದೆ ನಿಂತೇ ಕೈಮುಗಿದರೆ ಪರಿಚಾರಕರು ಅದನ್ನು ಅವಿನಯವೆಂದು ತಿಳಿಯಬಾರದು. ಪ್ರಸಾದದ ಪಂಕ್ತಿಯಲ್ಲಿ ನೆಲದ ಮೇಲೆ ಕುಳಿತು ತಲೆ ಬಗ್ಗಿಸಿ ಉಣ್ಣುವುದು ಅವರಿಗೆ ಕಷ್ಟ. ಕೊನೆಯಲ್ಲಿ ನಾಲ್ಕು ಬೆಂಚುಗಳನ್ನೂ ಅವುಗಳ ಎದುರಿಗೆ ಎತ್ತರದ ಮೇಜನ್ನೂ ಹಾಕಿಸಬಹುದು. ಲಿಂಗಪೂಜೆಯಲ್ಲಿ ಅಂಗೈಯನ್ನು ಎದೆಯ ಮಟ್ಟಕ್ಕೆ ಎತ್ತಿ, ಮೊಣಕೈಗೆ ದಿಂಬಿನ ಆಧಾರವನ್ನು ಕೊಟ್ಟರೆ ಕತ್ತನ್ನು ಬಗ್ಗಿಸಬೇಕಾಗುವುದಿಲ್ಲ. ಜಾತ್ರೆಯ ದಿನಗಳಲ್ಲಿ ಅಕ್ಕಿಯ ಮೂಟೆಯನ್ನು ಹೊರುವ ಸೇವೆಗೆ ಅವರನ್ನು ಕರೆಯದಿದ್ದರೆ ಸಾಕು. ಕೂತು ಮಾಡುವ ಲೆಕ್ಕದ ಕೆಲಸ ಮಠದಲ್ಲಿ ಎಂದಿಗೂ ಕಡಿಮೆಯಾಗಿಲ್ಲ.

ಇನ್ನೊಂದು ಮಾತು ಉಳಿದಿದೆ. ಶಸ್ತ್ರಚಿಕಿತ್ಸೆಯಾಗಿ ಕೆಲವು ತಿಂಗಳುಗಳ ಮೇಲೆ ವೈದ್ಯರು ಎರಡನೆಯ ಎಂ.ಆರ್.ಐ.ಗೆ ಬರಹೇಳುವರು. ಮೊದಲನೆಯ ಪ್ರಯಾಣಕ್ಕೆ ಮನೆಮಂದಿಯೆಲ್ಲ ಹೊರಟಿದ್ದರು. ಈ ಸಲ ಕೆಲಸಕಾರ್ಯಗಳ ನಡುವೆ ರೋಗಿಯೊಬ್ಬನೇ ರೈಲು ಹತ್ತುವುದು ಸಾಮಾನ್ಯವಾಗಿ ಕಂಡುಬರುತ್ತದೆ. ಪೊಳ್ಳು ಕುಗ್ಗಿದೆಯೋ ಇಲ್ಲವೋ ಎಂಬುದು ತಿಳಿಯುವುದು ಆ ದಿನವೇ. ಚಿತ್ರವು ಸಿದ್ಧವಾಗಿ ವೈದ್ಯರು ಕರೆಯುವವರೆಗೆ ಹೊರಗಣ ಬೆಂಚಿನ ಮೇಲೆ ಎರಡು ಮೂರು ಗಂಟೆಗಳ ಕಾಲ ಕಾಯಬೇಕಾಗುವುದು. ಆ ಬೆಂಚಿನ ಮೇಲೆ ಹಿಂದೆ ಒಮ್ಮೆ ಕುಳಿತು ಎದ್ದವರು ಯಾರಾದರೂ ಜೊತೆಗೆ ಹೋಗುವಂತೆ, ಟಿಕೇಟು ಕೊಳ್ಳುವ ಮೊದಲೇ ಗೊತ್ತುಮಾಡಿಕೊಳ್ಳತಕ್ಕದ್ದು.